ಆರನೇ ಸೀಸೆಗೆ ತೊಂಬತ್ತಾರು

ಮಂಗಳವಾರ ಮಧ್ಯಾಹ್ನ ಎರಡು ಗಂಟೆಗೆ ಗೋಲಿಯಣ್ಣ ಮೆಟ್ಟಿಲು ಹತ್ತಿ ನಮ್ಮ ಮನೆಗೆ ಬಂದಾಗ ನಾನು ಪೋಸ್ಟ್‌ಮಾಸ್ಟರ ಪ್ಯಾಂಟಿಗೆ ಜೇಬು ಕೂರಿಸುತ್ತಿದ್ದೆ. ಬಾಗಿಲಲ್ಲಿ ಮೊದಲು ಕಂಡದ್ದು ಮೂಗು. ಅದರ ಹಿಂದೆ ಎಲ್ಲೋ ಗೋಲಿಯಣ್ಣ ಇದ್ದರು.

"ಟೈಲರಬ್ಬ, ದಿಬ್ಬಿಂದ ಒಂದು ಉಪಕಾರ ಆಗ್ಬೇಕು."

ಟೈಲರಮ್ಮ, ನಿಮ್ಮಿಂದ, ಎಂದು ಅವರು ಹೇಳಿದ್ದು. ನೆಗಡಿಯಲ್ಲಿ ಮೂಗಿನ ಅಕ್ಷರಗಳೆಲ್ಲ ಕೈಕೊಟ್ಟಿದ್ದವು. ಮುಂದಿನ ಮಾತುಗಳನ್ನೆಲ್ಲ ನಾನು ಸರಿಪಡಿಸಿಯೇ ಬರೆಯುತ್ತಿದ್ದೇನೆ, ಓದುವವರಿಗೆ ನೆಗಡಿ ಅಂಟಬಾರದಲ್ಲ.

ನಮ್ಮ ಮನೆಯ ಕೆಳಗೆ ಗೋಲಿಯಣ್ಣನ ವೈನ್ ಅಂಗಡಿ. ಶನಿವಾರ ಸಂಜೆ ನಾಲ್ಕಕ್ಕೆ ಗಿರಾಕಿಗಳನ್ನು ಕರೆದು, ಎಂಟು ಹೊಸ ವೈನುಗಳ ರುಚಿ ತೋರಿಸುತ್ತೇನೆಂದು ಬೀದಿಗೆಲ್ಲ ಸಾರಿಬಿಟ್ಟಿದ್ದರು. ಪ್ರತಿ ಬಾಟ್ಲಿಯ ಕುತ್ತಿಗೆಗೂ ಒಂದು ಕಾರ್ಡು ಕಟ್ಟಬೇಕು, ಅದರಲ್ಲಿ ಅದು ಹೇಗಿದೆ ಎಂದು ಬರೆದಿರಬೇಕು. ಅಷ್ಟರಲ್ಲಿ ಮೂಗು ಮುಷ್ಕರ ಹೂಡಿತು.

"ನಾಲ್ಕು ದಿನ ಆಯ್ತು. ಸೋಪು ಕಚ್ಚಿದ್ರೂ ಗೊತ್ತಾಗಲ್ಲ ನಂಗೆ. ಕಂಪನಿಯವ್ರು ಒಂದೊಂದು ಹಾಳೆ ಕಳ್ಸಿದಾರೆ, ಎಲ್ಲರೂ ಒಂದೇ ಬರ್ದಿದಾರೆ. ಹಣ್ಣಿನ ಸುವಾಸನೆ, ಸೊಗಸಾದ ಮುಕ್ತಾಯ ಅಂತ. ನೀವು ಸ್ವಲ್ಪ ರುಚಿ ನೋಡಿ ಹೇಳಿ. ನಿಮ್ಗೆ ಕಣ್ಣಳತೆ ಚೆನ್ನಾಗಿದೆ."

"ಅಣ್ಣಾ, ಕಣ್ಣಳತೆಗೂ ನಾಲಿಗೆಗೂ ಏನು ಸಂಬಂಧ? ನಾನು ವೈನು ಕುಡಿದಿದ್ದೇ ಎರಡು ಸಲ. ಎರಡು ಸಲಾನೂ ನೀರು ಬೆರೆಸ್ಕೊಂಡಿದ್ದೆ."

ಗೋಲಿಯಣ್ಣ ಕಣ್ಣು ಮುಚ್ಚಿಕೊಂಡರು. ಯಾರೋ ಸತ್ತ ಸುದ್ದಿ ಕೇಳಿದವರ ಹಾಗೆ.

ಆಗ ಒಳಕೋಣೆಯಿಂದ ಕುರ್ಚಿ ಸರಿದ ಸದ್ದಾಯಿತು. ಗೋಲಿಯಣ್ಣ ತಟ್ಟನೆ ನೆಟ್ಟಗೆ ನಿಂತು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ನನ್ನ ಅತ್ತೆ ಬರುತ್ತಿದ್ದರು.

ಅತ್ತೆ ಮೂವತ್ತನಾಲ್ಕು ವರ್ಷ ಪಾಠ ಮಾಡಿದವರು. ಅದರಲ್ಲಿ ಹದಿನಾರು ವರ್ಷ ಮುಖ್ಯೋಪಾಧ್ಯಾಯಿನಿ. ಬಡಾವಣೆಯವರೆಲ್ಲ ಅವರನ್ನು ಹೆಡ್‌ಮಿಸ್ ಎಂದೇ ಕರೆಯುವುದು. ನಿವೃತ್ತಿಯಾಗಿ ಮೂರು ವರ್ಷವಾದರೂ ಕೆಂಪು ಪೆನ್ನಿನ ಚಟ ಹೋಗಿರಲಿಲ್ಲ. ದಿನಪತ್ರಿಕೆಯ ತಪ್ಪು ತಿದ್ದುತ್ತಿದ್ದರು, ನೀರಿನ ಟ್ಯಾಂಕು ತೊಳೆಯುವ ಬಗ್ಗೆ ಕೆಳಗೆ ಹಚ್ಚಿದ ನೋಟೀಸು ತಿದ್ದುತ್ತಿದ್ದರು, ನಾನು ಬರೆದ ದಾರದ ಪಟ್ಟಿಯನ್ನೂ ತಿದ್ದುತ್ತಿದ್ದರು. ಗೋಲಿಯಣ್ಣ ಅವರ ಹಳೆಯ ವಿದ್ಯಾರ್ಥಿ. ಜೇಬಿನಲ್ಲಿ ಸದಾ ಗೋಲಿ ಇರುತ್ತಿದ್ದುದರಿಂದ ಬಂದ ಹೆಸರು ಅದು. ಈಗ ಅವರಿಗೆ ಐವತ್ತೆರಡು, ತಲೆಯ ಮೇಲೆ ಒಂದು ಕೂದಲೂ ಇಲ್ಲವಾಗಿ ಹೆಸರು ಇನ್ನೂ ಚೆನ್ನಾಗಿ ಒಪ್ಪುತ್ತದೆ.

"ಏನೋ ಗೋಲಿ, ಏನದು ಗಲಾಟೆ?"

"ಏನಿಲ್ಲ ಮಿಸ್. ಹೋಗ್ತೀನಿ ಮಿಸ್."

"ಎಂಟು ಉತ್ತರಪತ್ರಿಕೆ ಇದೆ, ತಿದ್ದೋರು ಇಲ್ಲ. ಅದೇ ತಾನೇ ವಿಷಯ?"

ಗೋಲಿಯಣ್ಣ ನನ್ನ ಮುಖ ನೋಡಿದರು. ನಾನು ಪೋಸ್ಟ್‌ಮಾಸ್ಟರ ಪ್ಯಾಂಟು ನೋಡಿದೆ.

"ತಗೊಂಡ್ ಬಾ. ಆದ್ರೆ ಹೆಸರು, ಕಂಪನಿ, ಬೆಲೆ ಏನೂ ಕಾಣಿಸ್ಬಾರ್ದು. ಬರೀ ನಂಬರು. ಹೆಸರು ಕಂಡ್ರೆ ಮೌಲ್ಯಮಾಪನ ಕೆಟ್ಟುಹೋಗತ್ತೆ."

ಅರ್ಧ ಗಂಟೆಯಲ್ಲಿ ಗೋಲಿಯಣ್ಣ ಒಂದು ಟ್ರೇಯಲ್ಲಿ ಎಂಟು ಸಣ್ಣ ಸೀಸೆಗಳನ್ನು ತಂದರು. ನಮೂನೆಗೆಂದು ಮೊದಲೇ ಬಾಟ್ಲಿಗಳಿಂದ ಬಗ್ಗಿಸಿಟ್ಟದ್ದಂತೆ. ಚೀಟಿಗಳನ್ನೆಲ್ಲ ಕಿತ್ತು, ಒಂದರಿಂದ ಎಂಟರವರೆಗೆ ನಂಬರು ಅಂಟಿಸಿದ್ದರು. ಜೊತೆಗೆ ಒಂದು ಖಾಲಿ ಬಕೆಟ್ಟು.

"ಇದ್ಯಾಕೆ?" ಎಂದರು ಅತ್ತೆ.

"ಬಾಯಲ್ಲಿ ಆಡಿಸಿ ಇದ್ರಲ್ಲಿ ಉಗಿಯೋದು ಮಿಸ್. ತಿಳಿದೋರೆಲ್ಲ ಹಂಗೇ ಮಾಡೋದು."

"ಉಗಿಯೋದಾ? ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಏನು ಹೇಳ್ಕೊಟ್ಟೆ ನಾನು? ತಗೊಂಡ್ ಹೋಗು ಅದನ್ನ."

ಬಕೆಟ್ಟು ಹೋಯಿತು. ನಮ್ಮ ಸಂಕಟ ಅಲ್ಲಿಂದಲೇ ಶುರುವಾಯಿತು. ಸಂಕಟ ಎಂದು ಮರ್ಯಾದೆಗೆ ಹೇಳುತ್ತಿದ್ದೇನೆ.

ಬಟ್ಟೆ ಕತ್ತರಿಸುವ ಮೇಜಿನ ಮೇಲಿದ್ದ ಚಿಂದಿ, ಸೀಮೆಸುಣ್ಣ, ಟೇಪು ಎಲ್ಲವನ್ನೂ ಬದಿಗೆ ಸರಿಸಿದೆ. ಚಹಾ ಕುಡಿಯುವ ಗಾಜಿನ ಲೋಟ ಎರಡು ತಂದೆ. ಅತ್ತೆ ಕನ್ನಡಕ ಒರೆಸಿಕೊಂಡು, ಹಾಳೆಗೆ ಅಂಚುಗೆರೆ ಎಳೆದು, ಕ್ರಮ ಸಂಖ್ಯೆ, ಅಂಕ, ಷರಾ ಎಂದು ಬರೆದು ಕುಳಿತರು.

ಒಂದನೆಯದು ಬಿಳಿ. ನನಗೆ ಅದು ಗಂಜಿ ಹಾಕಿ ಇಸ್ತ್ರಿ ಮಾಡಿದ ಕಾಲರಿನ ಹಾಗನ್ನಿಸಿತು. ಚೊಕ್ಕಟ, ಆದರೆ ಕತ್ತು ತಿರುಗಿಸಲು ಬಿಡುವುದಿಲ್ಲ. ಹಾಗೆಂದೆ.

"ಮೊದಲನೇ ಬೆಂಚಿನ ಹುಡುಗಿ," ಎಂದರು ಅತ್ತೆ. "ಉತ್ತರ ಎಲ್ಲಾ ಗೊತ್ತು. ಕೈ ಎತ್ತೋದು ಜಾಸ್ತಿ. ಅರವತ್ತೆರಡು."

ಎರಡನೆಯದೂ ಬಿಳಿಯೇ. ಅದನ್ನು ಮೂಸಿದ ಕೂಡಲೇ ಅತ್ತೆಯ ಮುಖ ಅರಳಿತು. "ಒದ್ದೆ ಸ್ಲೇಟು ಕಣೇ! ಬಟ್ಟೇಲಿ ಒರೆಸಿದ ತಕ್ಷಣ ಬರತ್ತಲ್ಲ, ಅದೇ ವಾಸನೆ. ಇದಕ್ಕೆ ಎಪ್ಪತ್ತು." ನನಗೆ ಹುಳಿ ಬಿಟ್ಟು ಬೇರೇನೂ ಗೊತ್ತಾಗಲಿಲ್ಲ. ಮತ್ತೊಂದು ಗುಟುಕು ಕುಡಿದರೂ ಗೊತ್ತಾಗಲಿಲ್ಲ. ಅನುಮಾನಕ್ಕೆ ಇನ್ನೊಂದು ಕುಡಿದೆ.

ಮೂರನೆಯದು ಗುಲಾಬಿ ಬಣ್ಣದ್ದು. "ಇದು ಲೈನಿಂಗ್ ಬಟ್ಟೆ ಅತ್ತೆ. ಮುಟ್ಟೋಕೆ ನುಣುಪು, ನೋಡೋಕೆ ಚೆಂದ. ಆದ್ರೆ ಇದೇ ಕೋಟು ಅಂತ ಹಾಕ್ಕೊಂಡು ಬೀದಿಗೆ ಇಳಿಯೋಕಾಗಲ್ಲ."

"ವಾರ್ಷಿಕೋತ್ಸವದ ದಿನ ಮಾತ್ರ ಶಾಲೆಗೆ ಬರೋ ಹುಡುಗ," ಎಂದು ಅತ್ತೆ ಬರೆದುಕೊಂಡರು. "ಆದ್ರೂ ಬಂದಾಗ ಖುಷಿಯಾಗತ್ತೆ. ಐವತ್ತೆಂಟು. ಬೇಡ, ಪಾಪ, ಅರವತ್ತು ಮಾಡೋಣ."

ನಾನು ಈ ಮನೆಗೆ ಸೊಸೆಯಾಗಿ ಬಂದ ಹನ್ನೊಂದು ವರ್ಷದಲ್ಲಿ ಅತ್ತೆ ಯಾರಿಗಾದರೂ ಎರಡು ಅಂಕ ಪುಕ್ಕಟೆ ಕೊಟ್ಟದ್ದನ್ನು ನಾನು ಕಂಡಿರಲಿಲ್ಲ. ಅವರ ಕಿವಿಯ ತುದಿ ಕೆಂಪಾಗಿತ್ತು.

ನಾಲ್ಕನೆಯದು ಕಪ್ಪು ಕೆಂಪು. ನಾಲಿಗೆಯ ಮೇಲೆ ಕಾರ್ಡುರಾಯ್ ಬಟ್ಟೆಯ ಹಾಗೆ ಗೆರೆ ಗೆರೆಯಾಗಿ ಹರಿಯಿತು. ಅತ್ತೆ, "ಕೊನೇ ಬೆಂಚು. ಮೊದ್ಲು ಗುರ್ ಅನ್ನತ್ತೆ. ಆಮೇಲೆ ನೋಡಿದ್ರೆ ಚಿಕ್ಕವರ ಚೀಲ ಹೊತ್ಕೊಂಡು ಹೋಗೋನು ಇವನೇ. ಎಪ್ಪತ್ತನಾಲ್ಕು" ಎಂದರು. ಐದನೆಯದನ್ನು ಬಾಯಿಗಿಟ್ಟು ಬಹಳ ಹೊತ್ತು ಸೂರು ನೋಡಿದರು. "ಇವನಿಗೆ ತಾನು ದೊಡ್ಡವರ ಮನೆಯವನು ಅಂತ ಗೊತ್ತು. ಓದಿಲ್ಲ. ಮೂವತ್ತೆಂಟು. ಷರಾ: ಪೋಷಕರನ್ನು ಕರೆತರುವುದು."

ನಾನು ನಕ್ಕೆ. ನಗು ಮೂಗಿಗೆ ಹೋಗಿ ಕೆಮ್ಮು ಬಂತು. ಅತ್ತೆ ಬೆನ್ನು ತಟ್ಟಲು ಬಂದು, ಗುರಿ ತಪ್ಪಿ ಹೊಲಿಗೆ ಯಂತ್ರದ ಬೆನ್ನು ತಟ್ಟಿದರು. ಅದನ್ನು ನೋಡಿ ನಾನು ನೆಲಕ್ಕೇ ಕುಳಿತುಬಿಟ್ಟೆ. ಕುರ್ಚಿ ಅಷ್ಟೇನೂ ನಂಬುವ ಹಾಗೆ ಕಾಣುತ್ತಿರಲಿಲ್ಲ.

ಆರನೆಯದು ಬಂದಾಗ ಮಾತ್ರ ಇಬ್ಬರ ನಗುವೂ ನಿಂತಿತು.

ಅದೂ ಕೆಂಪೇ, ಆದರೆ ಮಂದವಾಗಿತ್ತು. ಬಾಯಿಗೆ ಹಾಕಿದರೆ ಮಧ್ಯಾಹ್ನದ ಬಿಸಿಲು ಬಿದ್ದ ವೆಲ್ವೆಟ್ ಪರದೆಯಲ್ಲಿ ಮುಖ ಒತ್ತಿಕೊಂಡ ಹಾಗೆ. ಕಿತ್ತಳೆಯ ಸಿಪ್ಪೆ, ಜೇನು, ಮತ್ತೆ ಏನೋ ಖಾರ. ನುಂಗಿದ ಮೇಲೆ ಗಂಟಲಲ್ಲಿ ಯಾರೋ ಒಂದೊಂದೇ ದೀಪ ಹಚ್ಚುತ್ತ ಇಳಿದು ಹೋದಂತಿತ್ತು. ನಾವು ಸೀಸೆಯಲ್ಲಿದ್ದುದನ್ನು ಕಡೆಯ ಹನಿಯವರೆಗೆ ಹಂಚಿಕೊಂಡೆವು.

"ತೊಂಬತ್ತಾರು," ಎಂದರು ಅತ್ತೆ ಮೆಲ್ಲಗೆ.

"ನಿಮ್ಮ ಶಾಲೇಲಿ ಯಾರಾದ್ರೂ ತೆಗೆದಿದ್ರಾ?"

"ತೊಂಬತ್ತು ದಾಟೋಕೆ ಬಿಟ್ಟಿಲ್ಲ ನಾನು ಯಾರ್ನೂ."

ಏಳನೆಯದು ನೊರೆಯದ್ದು. ನನಗೆ ಬಾಯೆಲ್ಲ ಚಮಕಿ ಚೆಲ್ಲಿದ ಹಾಗಾಯಿತು. ಅತ್ತೆಗೆ ಬಿಕ್ಕಳಿಕೆ ಹತ್ತಿತು. "ಇವನನ್ನ, ಹಿಕ್, ಒಂದು ಕಡೆ, ಹಿಕ್, ಕೂರಿಸೋಕಾಗಲ್ಲ!" ಎನ್ನುತ್ತಲೇ ಅರವತ್ತೊಂಬತ್ತು ಬರೆದರು, ಒಂಬತ್ತು ಗೆರೆ ದಾಟಿ ಮೇಜಿನ ಮೇಲೆ ಹೋಯಿತು. ಎಂಟನೆಯದು ಸಿಹಿ. ಅದರ ಷರಾ ಹೀಗಿತ್ತು: "ದಿನಾ ಟೀಚರ ಮೇಜಿನ ಮೇಲೆ ಹೂವಿಡುವ ಹುಡುಗಿ. ಪರೀಕ್ಷೆಯಲ್ಲಿ ಕಾಪಿ ಹೊಡೆದವಳೂ ಇವಳೇ. ನಲವತ್ತೈದು."

ಕೆಲಸ ಮುಗಿಯಿತು. ಮುಗಿಯಿತು ಅಂದಮೇಲೆ ಏಳಬೇಕು. ಇಬ್ಬರೂ ಏಳಲಿಲ್ಲ.

"ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ," ಎಂದರು ಅತ್ತೆ. "ನಿನಗೂ ಅಂಕ ಹಾಕ್ತಿದ್ದೆ ನಾನು. ಮನಸ್ಸಲ್ಲೇ."

"ಎಷ್ಟು?"

"ಮೊದಲನೇ ವರ್ಷ ನಲವತ್ತೊಂದು."

"ನಲವತ್ತೊಂದಾ! ಆ ವರ್ಷ ನಿಮ್ಗೆ ಕೋಟು ಹೊಲ್ಕೊಟ್ಟಿದ್ದೆ!"

"ಅದಕ್ಕೇ ಪಾಸು ಮಾಡಿದ್ದು."

ನಾನೂ ಸುಮ್ಮನಿರಬಹುದಿತ್ತು. ಆದರೆ ಬಾಯಿಯ ಹೊಲಿಗೆ ಆಗಲೇ ಬಿಚ್ಚಿಹೋಗಿತ್ತು. "ಅತ್ತೆ, ಆ ಕೋಟು ಇವತ್ತಿಗೂ ಸರಿಯಾಗಿ ಆಗತ್ತೆ ಅಂತ ಎಲ್ಲರ ಹತ್ರ ಹೇಳ್ಕೊಂಡು ತಿರುಗ್ತೀರಲ್ಲ. ವರ್ಷಾ ವರ್ಷಾ ಅರ್ಧ ಇಂಚು ಸಡಿಲ ಮಾಡ್ತಿದೀನಿ ನಾನು. ನೀವು ಮಲಗಿದ್ಮೇಲೆ."

ಅತ್ತೆ ನನ್ನನ್ನು ದಿಟ್ಟಿಸಿದರು. ಆಮೇಲೆ ಅವರ ಭುಜ ಕುಲುಕಿತು, ಹೊಟ್ಟೆ ಕುಲುಕಿತು, ಬಿಕ್ಕಳಿಕೆಯೂ ನಗುವೂ ಒಂದರ ಮೇಲೊಂದು ಬಿದ್ದವು. "ಅಳತೆ ತಗೋ! ಈಗ್ಲೇ ತಗೋ! ಸತ್ಯ ಗೊತ್ತಾಗ್ಲಿ!" ಎನ್ನುತ್ತ ಕತ್ತರಿಸುವ ಮೇಜಿನ ಮೇಲೆ ಹತ್ತಿ ಅಂಗಾತ ಮಲಗಿದರು. ನಾನು ಟೇಪು ಹಿಡಿದು ಸೊಂಟ ಹುಡುಕುತ್ತಿದ್ದಾಗ ಬಾಗಿಲು ತೆರೆಯಿತು.

ನನ್ನ ಗಂಡ ಲಿಫ್ಟ್ ರಿಪೇರಿ ಮಾಡುವವರು. ಸ್ಕ್ರೂಡ್ರೈವರು, ಸ್ಪ್ಯಾನರಿನ ಚೀಲ ಹೆಗಲಿಗೆ ಹಾಕಿಕೊಂಡು ನಿಂತಿದ್ದರು. ಚೀಲ ಜಾರಿ ಕೆಳಗೆ ಬಿತ್ತು.

"ಅಮ್ಮಾ?"

"ಒಳಗ್ ಬರೋ ಮುಂಚೆ ಕೇಳ್ಬೇಕು ಅಂತ ಗೊತ್ತಿಲ್ವಾ ನಿಂಗೆ?" ಎಂದರು ಅತ್ತೆ, ಮಲಗಿದಲ್ಲಿಂದಲೇ. "ಹೊರಗ್ ಹೋಗು. ಕೇಳ್ಕೊಂಡು ಬಾ."

ಅವರು ನಿಜವಾಗಿಯೂ ಹೊರಗೆ ಹೋಗಿ, ಬಾಗಿಲು ತಟ್ಟಿ, "ಬರ್ಲಾ?" ಎಂದು ಕೇಳಿ ಬಂದರು. ಆ ಸಂಜೆ ಅಡುಗೆ ಅವರೇ ಮಾಡಿದರು. ಪೋಸ್ಟ್‌ಮಾಸ್ಟರ ಪ್ಯಾಂಟನ್ನು ಮಾರನೇ ದಿನ ನೋಡಿದರೆ ಎರಡೂ ಜೇಬುಗಳ ಬಾಯಿ ಅಚ್ಚುಕಟ್ಟಾಗಿ ಹೊಲಿದುಹೋಗಿತ್ತು. ಯಾವಾಗ ಹೊಲಿದೆನೋ ನನಗೆ ನೆನಪಿಲ್ಲ. ಹೊಲಿಗೆ ಮಾತ್ರ ನೇರವಾಗಿತ್ತು.

ಶನಿವಾರ ನಾಲ್ಕಕ್ಕೆ ಅಂಗಡಿ ತುಂಬಿತು. ಮೂವತ್ತು ಜನರಿದ್ದರೇನೋ. ಅತ್ತೆಯ ದುಂಡಕ್ಷರದ ಕಾರ್ಡುಗಳು ಬಾಟ್ಲಿಗಳ ಕೊರಳಲ್ಲಿ ತೂಗುತ್ತಿದ್ದವು. ಬಂದವರು ವೈನು ಕುಡಿಯುವುದಕ್ಕಿಂತ ಮೊದಲು ಕಾರ್ಡು ಓದಿದರು. ಹಿಂದಿದ್ದವರಿಗೆ ಮುಂದಿದ್ದವರು ಗಟ್ಟಿಯಾಗಿ ಓದಿ ಹೇಳಿದರು. ಕನ್ನಡಕದಂಗಡಿಯವನು ನಾಲ್ಕನೆಯದನ್ನು ಅಪ್ಪಿಕೊಂಡು, "ನಾನೂ ಕೊನೇ ಬೆಂಚೇ, ಇದು ನಂದು" ಎಂದ. ಹಲ್ಲಿನ ಡಾಕ್ಟರಮ್ಮ ಮೊದಲನೇ ಬೆಂಚಿನ ಹುಡುಗಿಯನ್ನು ಸದ್ದಿಲ್ಲದೆ ಕೈಚೀಲಕ್ಕೆ ಇಳಿಸಿದರು. ಗೋಲಿಯಣ್ಣ ಕೆಮ್ಮುತ್ತ, ಸೀನುತ್ತ, ಖುಷಿಯಲ್ಲಿ ಎರಡನ್ನೂ ಒಟ್ಟಿಗೆ ಮಾಡುತ್ತ ಓಡಾಡುತ್ತಿದ್ದರು.

ನಾಲ್ಕೂವರೆಗೆ ಒಂದು ಕಂಪನಿಯ ಸೇಲ್ಸಿನವನು ಬಂದ. ಟೈ ಕಟ್ಟಿದ್ದ. ಐದನೇ ಬಾಟ್ಲಿ, ಅಂದರೆ ಎಂಟರಲ್ಲಿ ಎಲ್ಲಕ್ಕಿಂತ ದುಬಾರಿಯದು, ಅವನ ಕಂಪನಿಯದ್ದು. ಕಾರ್ಡು ಓದಿದವನ ಮುಖ ಟೈಯ ಬಣ್ಣಕ್ಕೆ ತಿರುಗಿತು.

"ಯಾರ್ರೀ ಬರೆದಿದ್ದು ಇದು? ಮೂವತ್ತೆಂಟು? ಪೋಷಕರನ್ನು ಕರೆತರುವುದು?"

ಗೋಲಿಯಣ್ಣ ಕಪಾಟಿನ ಹಿಂದೆ ಹೋಗಿ ನಿಂತರು. ಅತ್ತೆ ಕುರ್ಚಿಯಿಂದ ತಲೆಯೆತ್ತಿದರು.

"ಓ, ನೀವೇನಾ ಪೋಷಕರು? ಬನ್ನಿ, ಕೂತ್ಕೊಳ್ಳಿ."

ಆ ದನಿಗೆ ಏನು ಶಕ್ತಿಯೋ, ಅವನು ಕುಳಿತ. ಮೊಣಕಾಲು ಜೋಡಿಸಿಯೇ ಕುಳಿತ.

"ನೋಡಿ, ಹುಡುಗ ಕೆಟ್ಟವನಲ್ಲ," ಎಂದರು ಅತ್ತೆ. "ಒಳ್ಳೇ ಮನೆತನ ಅಂತ ಗೊತ್ತಾಗತ್ತೆ. ಆದ್ರೆ ಅವಸರ ಮಾಡಿದೀರಿ. ವಯಸ್ಸಾಗೋ ಮುಂಚೆ ಶಾಲೆಗೆ ಕಳ್ಸಿಬಿಟ್ಟಿದೀರಿ. ಒಗರು ಇನ್ನೂ ಹೋಗಿಲ್ಲ. ಇನ್ನೊಂದೆರಡು ವರ್ಷ ಮನೇಲಿಟ್ಕೊಂಡಿದ್ರೆ ಏನಾಗ್ತಿತ್ತು?"

ಸೇಲ್ಸಿನವನು ಸುತ್ತ ನೋಡಿ, ದನಿ ತಗ್ಗಿಸಿದ. "ನಾನೂ ಅದೇ ಹೇಳ್ದೆ ಮಿಸ್. ಪೀಪಾಯಿಂದ ಈಗ್ಲೇ ತೆಗೀಬೇಡಿ ಅಂತ. ಮೇಲಿನವರು ಕೇಳ್ಲಿಲ್ಲ."

"ಅವರನ್ನೂ ಕರ್ಕೊಂಡ್ ಬನ್ನಿ ಒಂದ್ಸಲ."

ಅಂಗಡಿಯೆಲ್ಲ ಬಿದ್ದು ಬಿದ್ದು ನಕ್ಕಿತು. ಅವನೂ ನಕ್ಕ, ಟೈ ಸಡಿಲಿಸಿದ. ಆ ಕಾರ್ಡು ಬಿಚ್ಚಿಕೊಡಿ, ಮ್ಯಾನೇಜರ ಮೇಜಿನ ಮೇಲಿಡುತ್ತೇನೆ ಎಂದು ಅಂಗಲಾಚಿದ.

ಅಷ್ಟರಲ್ಲಿ ಎಲ್ಲರ ಕಣ್ಣೂ ಆರನೇ ಬಾಟ್ಲಿಯ ಮೇಲೆ ಬಿದ್ದಿತ್ತು. ತೊಂಬತ್ತಾರು! ಪ್ರಥಮ ಸ್ಥಾನ! ಮೂವತ್ತು ಲೋಟಗಳು ಮುಂದೆ ಬಂದವು. ಗೋಲಿಯಣ್ಣ ಬಿರಡೆ ತೆಗೆದು ಎಲ್ಲರಿಗೂ ಒಂದೊಂದು ಗುಟುಕು ಹಾಕಿದರು. ಜನ ಕುಡಿದರು. ಒಬ್ಬರ ಮುಖ ಒಬ್ಬರು ನೋಡಿದರು. ನಾನೂ ಕುಡಿದೆ. ಪರದೆಯೂ ಇಲ್ಲ, ಬಿಸಿಲೂ ಇಲ್ಲ. ತೊಳೆದು ತೊಳೆದು ಬಣ್ಣ ಹೋದ ಹತ್ತಿ ಬಟ್ಟೆ.

ಅತ್ತೆ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. "ಗೋಲಿ. ಇವನು ಅವನಲ್ಲ. ಬೇರೆಯವನ ಹೆಸರಲ್ಲಿ ಪರೀಕ್ಷೆ ಬರೆಯೋಕೆ ಬಂದಿದಾನೆ."

"ಇಲ್ಲ ಮಿಸ್, ಆರು ಅಂದ್ರೆ ಇದೇ ಮಿಸ್, ಪುಸ್ತಕದಲ್ಲಿ ಬರ್ಕೊಂಡಿದೀನಿ ಮಿಸ್!" ಗೋಲಿಯಣ್ಣನ ಬೋಳು ತಲೆಯ ಮೇಲೆ ಬೆವರು ಮೂಡಿತು. ಅದಕ್ಕೆ ಸರಿಯಾಗಿ ಕೆಮ್ಮು ಬಂತು, ನಿಲ್ಲಲೇ ಇಲ್ಲ.

ಆಗ ಅವರ ಹೆಂಡತಿ ಒಳಗೆ ಬಂದಳು. ಬೀದಿಯ ಕೊನೆಯ ಔಷಧಿ ಅಂಗಡಿಯಲ್ಲಿ ಔಷಧಿ ಕೊಡುವವಳು ಅವಳು, ಬಿಳಿ ಕೋಟು ಬಿಚ್ಚದೆಯೇ ಬಂದಿದ್ದಳು. ವೈನ್ ಅಂಗಡಿಯ ಉಸಾಬರಿಗೆ ಅವಳು ಹೋದವಳಲ್ಲ, ಅವಳನ್ನು ಯಾರೂ ಕೇಳಿದವರೂ ಅಲ್ಲ. ಗಂಡನ ಕೆಮ್ಮು ಕೇಳಿ ಹುಬ್ಬು ಗಂಟಿಕ್ಕಿದಳು.

"ಏನ್ರೀ, ಇನ್ನೂ ಹೋಗಿಲ್ವಾ? ಔಷಧಿ ಕುಡೀತಿದೀರಾ ಇಲ್ವಾ?"

"ದಿನಕ್ಕೆ ಮೂರು ಸಲ, ಎರಡೆರಡು ಚಮಚ. ನೀನು ಹೇಳಿದ ಹಾಗೇ. ಒಂದಿಷ್ಟೂ ಗುಣ ಇಲ್ಲ!" ಎಂದು ಅವರು ಕಪಾಟಿನ ಮೇಲಿದ್ದ ಸಣ್ಣ ಸೀಸೆ ತೋರಿಸಿದರು. ನಮಗೆ ಕೊಟ್ಟಂಥದೇ ಸೀಸೆ.

ಅವಳು ಮುಚ್ಚಳ ತೆಗೆದು ಮೂಸಿದಳು. ಇನ್ನೊಮ್ಮೆ ಮೂಸಿದಳು. "ಇದು ವೈನು!"

ಸೀಸೆ ಹಿಡಿದೇ ಗಂಡನ ಕಡೆ ತಿರುಗಿದಳು.

"ನಾನು ಮಾಡ್ಕೊಟ್ಟ ಔಷಧಿ ಎಲ್ಲಿ? ಕಪ್ಪು ದ್ರಾಕ್ಷಿ ಕುದಿಸಿ, ಜೇನು, ಲವಂಗ, ಕಿತ್ತಳೆ ಸಿಪ್ಪೆ, ಮೆಣಸು ಹಾಕಿ… ಚೀಟಿ ಅಂಟಿಸ್ತೀನಿ ಅಂದ್ರೆ ಬೇಡ ಅಂದ್ರಿ!"

ಗೋಲಿಯಣ್ಣನಿಗೆ ಹೊಳೆಯಿತು. ಮಂಗಳವಾರ ನಂಬರು ಅಂಟಿಸುವಾಗ ಆರನೇ ಸೀಸೆ ಕೈಯಲ್ಲಿತ್ತಂತೆ, ಸೀನು ಬಂತಂತೆ, ಸೀಸೆ ಕೆಳಗಿಟ್ಟು ಕಣ್ಣೊರೆಸಿಕೊಂಡು ಎತ್ತಿಕೊಂಡದ್ದು ಪಕ್ಕದಲ್ಲಿದ್ದ ಔಷಧಿಯ ಸೀಸೆ. ಅಂದಿನಿಂದ ಅವರು ವೈನನ್ನೇ ಚಮಚದಲ್ಲಿ ಅಳೆದು, ಮುಖ ಕಿವುಚಿ ಕುಡಿಯುತ್ತಿದ್ದರು.

"ಹಾಗಾದ್ರೆ ನನ್ನ ಔಷಧಿ…"

"ನಾವು ಕುಡಿದ್ವಿ," ಎಂದೆ.

"ಎಷ್ಟು?"

"ಅಷ್ಟೂ."

"ಎರಡು ಚಮಚ ಅಂದ್ರೆ ಎರಡೇ ಚಮಚ ಅದು!"

ನಗೆ ಎಲ್ಲಿಂದ ಶುರುವಾಯಿತೋ ತಿಳಿಯದು. ಡಾಕ್ಟರಮ್ಮ ಕನ್ನಡಕದಂಗಡಿಯವನ ಭುಜ ಹಿಡಿದುಕೊಂಡು ನಕ್ಕರು. ಸೇಲ್ಸಿನವನು ಟೈಯಲ್ಲಿ ಕಣ್ಣೊರೆಸಿಕೊಂಡ. ಆ ಗದ್ದಲದ ನಡುವೆ ಅತ್ತೆ ಎದ್ದು ನಿಂತರು. ಅವರು ಎದ್ದರೆ ಗದ್ದಲ ತಾನಾಗಿ ಅಡಗುತ್ತದೆ.

"ಅಂಕ ಬದಲಾಯಿಸಲ್ಲ ನಾನು," ಎಂದರು. "ತೊಂಬತ್ತಾರು ಅಂದ್ರೆ ತೊಂಬತ್ತಾರೇ. ಪ್ರಥಮ ಸ್ಥಾನ ಈ ಹುಡುಗಿಗೆ. ಬಾಮ್ಮ ಇಲ್ಲಿ."

ನಲವತ್ತೆಂಟು ವರ್ಷದ ಆ ಹುಡುಗಿ ಬಿಳಿ ಕೋಟಿನ ಗುಂಡಿ ತಿರುವುತ್ತ ಬಂದಳು. ಅತ್ತೆ ಅವಳ ಕೈ ಕುಲುಕಿದರು. ಜನ ಚಪ್ಪಾಳೆ ತಟ್ಟಿದರು. ಅವಳು ನಗಲು ಹೋಗಿ ಅತ್ತಳು, ಅಳುತ್ತಲೇ, "ಮನೇಲಿ ಇನ್ನೊಂದು ದೊಡ್ಡ ಬಾಟ್ಲಿ ಇದೆ, ತರ್ಲಾ?" ಎಂದಳು. ಮೂವತ್ತು ಬಾಯಿ "ತನ್ನಿ" ಎಂದವು.

ತಂದಳು. ಮಾರುವುದಿಲ್ಲ, ಅಳತೆ ಮೀರಿ ಕೊಡುವುದೂ ಇಲ್ಲ ಎಂದಳು. ಮೂವತ್ತು ಜನ ಅಂಗಡಿಯ ಬಾಗಿಲಿನಿಂದ ಕಾಲುದಾರಿಯವರೆಗೆ ಸಾಲು ನಿಂತರು, ಬಾಯಿ ತೆರೆದು, ತಲೆಗೆ ಎರಡು ಚಮಚ. ಕುಡಿದವರು "ಆಹ್" ಎನ್ನುತ್ತ ಹೊರಬಂದು, ಸುತ್ತಿ ಮತ್ತೆ ಸಾಲಿನ ಕೊನೆಗೆ ಸೇರಲು ನೋಡಿದರು. ಅತ್ತೆ ಬಾಗಿಲಲ್ಲಿ ನಿಂತು ಕಿವಿ ಹಿಡಿದು ಹೊರಹಾಕಿದರು. ಸೇಲ್ಸಿನವನನ್ನು ಎರಡು ಸಲ ಹೊರಹಾಕಿದರು. ಗೋಲಿಯಣ್ಣನ ಕೆಮ್ಮು ಸೋಮವಾರದ ಹೊತ್ತಿಗೆ ಹೋಯಿತು, ಮೂಗೂ ಕೆಲಸಕ್ಕೆ ಮರಳಿತು. ಆದರೆ ಅಂಗಡಿಗೆ ಹೊಸ ವೈನು ಬಂದಾಗ ಈಗ ಮೊದಲು ಮೂಸುವುದು ಅವರ ಹೆಂಡತಿ.

ಆ ಸಂಜೆ ಅತ್ತೆಯೂ ನಾನೂ ಕೈ ಕೈ ಹಿಡಿದು ಮನೆಗೆ ಹತ್ತುತ್ತಿದ್ದೆವು. ಅರ್ಧ ದಾರಿಯಲ್ಲಿ ಅತ್ತೆ ಮೆಟ್ಟಿಲ ಮೇಲೆ ಕುಳಿತರು. ನಾನೂ ಕುಳಿತೆ.

"ನಾಳೆ ಭಾನುವಾರ. ಏನ್ ಮಾಡೋಣ?" ಎಂದು ಕೇಳಿದರು. ಈ ಪ್ರಶ್ನೆಯನ್ನು ಅವರು ನನಗೆ ಕೇಳಿದ್ದು ಅದೇ ಮೊದಲು.

"ನೀವು ಹೇಳಿದ್ದು."

"ಕೆರೇಲಿ ದೋಣಿ ಬಿಟ್ಟಿದಾರಂತೆ. ಹಂಸದ ಥರದ್ದು. ಕಾಲಲ್ಲಿ ತುಳಿಯೋದು. ನಾನೇ ಓಡಿಸೋದು, ಮೊದ್ಲೇ ಹೇಳ್ಬಿಟ್ಟಿದೀನಿ."

ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ, ಚಹಾ ಬಿಟ್ಟು ಬೇರೇನೂ ಕುಡಿಯದೆ, ನಾವು ಆ ಬಿಳಿ ಹಂಸವನ್ನು ಮೂರು ಸಲ ದಡಕ್ಕೆ ಗುದ್ದಿದೆವು. ದೋಣಿಯವನು ಸೀಟಿ ಊದಿ ಊದಿ ಸುಸ್ತಾದ. ಅತ್ತೆಯ ಕೂದಲು ಬಿಚ್ಚಿಹೋಗಿತ್ತು. ನಾಲ್ಕನೇ ಸಲ ಗುದ್ದುವ ಮುಂಚೆ ಅವರು ನನ್ನ ಕಡೆ ತಿರುಗಿ, "ಜೋರಾಗಿ ತುಳಿಯೇ!" ಎಂದು ಕೂಗಿದರು.